ಸೇತುವೆಗಳಿಗೆ ಇಟ್ಟ ಕುಂಕುಮ

ಅಕ್ಕ ಡಾಕ್ಟರಾಗಿ ಅಮೆರಿಕದ ಆನ್ ಆರ್ಬರ್ ಸೇರಿದಳು. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಮೈಸೂರಿನ ಮನೆಯಲ್ಲಿ ಒಲೆ ಮುಂದೆ ಕೂತೆ. ಎಪ್ಪತ್ತರ ದಶಕದ ಮೊದಲಲ್ಲಿ ಅವಳಿಗೆ ಚೊಚ್ಚಲ ಹೆರಿಗೆ. ಅಮ್ಮನಿಗೆ ಮಂಡಿನೋವು, ಹಾಗಾಗಿ ಬಾಣಂತನಕ್ಕೆ ನಾನು ಹೊರಟೆ. ಅಮ್ಮ ಚಾಮುಂಡಿ ಬೆಟ್ಟದ ಕುಂಕುಮವನ್ನು ಪುಟ್ಟ ಡಬ್ಬಿಗೆ ತುಂಬಿಕೊಟ್ಟು, "ಆಸ್ಪತ್ರೆಗೆ ಹೊರಡೋ ಮುಂಚೆ ಅವಳ ಹಣೆಗೆ ಇದನ್ನೇ ಇಡು. ಮರೆತೀಯೆ, ಜೋಕೆ!" ಎಂದಳು.

ಆಂಸ್ಟರ್‌ಡ್ಯಾಮಿನಲ್ಲಿ ವಿಮಾನ ಬದಲಿಸಬೇಕಿತ್ತು. ಬೆಳಗ್ಗೆ ಇಳಿದರೆ ಅಕ್ಕನ ಊರಿಗೆ ಹತ್ತಿರದ ಡೆಟ್ರಾಯಿಟ್ ಕಡೆ ಹೋಗುವ ವಿಮಾನ ಸಂಜೆಗೆ. "ಕುರ್ಚಿ ಬಿಟ್ಟು ಏಳಬೇಡ" ಎಂದು ಭಾವ ಕಾಗದದಲ್ಲಿ ಬರೆದಿದ್ದರು. ಒಂದು ಗಂಟೆ ಕೂತೆ. ಗಾಜಿನಾಚೆ ಊರೊಳಗೆ ಹೋಗುವ ಬಸ್ಸು ನಿಂತಿತ್ತು. ಮಾರ್ಕೆಟ್ಟಿಗೂ ಒಬ್ಬಳೇ ಹೋದವಳಲ್ಲ ನಾನು. ಅವತ್ತು ಏನಾಯಿತೋ, ಎದ್ದುಬಿಟ್ಟೆ. ಕೌಂಟರಿನವಳಿಗೆ ಬಸ್ಸು ತೋರಿಸಿ, "ಐ ಗೋ, ಐ ಕಮ್" ಎಂದೆ. ಹೋಗಿ ಬರ್ತೀನಿ ಎಂಬುದಕ್ಕೆ ನನಗೆ ಗೊತ್ತಿದ್ದ ಇಂಗ್ಲಿಷು ಅಷ್ಟೇ. ಅವಳು ನಕ್ಕು, ಚೀಟಿಗೆ ಸೀಲು ಒತ್ತಿಕೊಟ್ಟು, ಗಡಿಯಾರದ ನಾಲ್ಕನ್ನು ಎರಡು ಸಲ ಬೆರಳಿಟ್ಟು ತೋರಿಸಿದಳು. ತಪ್ಪಿದರೆ ಅಕ್ಕನ ಹೆರಿಗೆಗೆ ನಾನಿಲ್ಲ.

ಊರ ತುಂಬ ಕಾಲುವೆ, ಹೆಜ್ಜೆಗೊಂದು ಸೇತುವೆ, ಎಲ್ಲವೂ ಅವಳಿಜವಳಿ. ಹೊಳೆ ದಾಟುವಾಗ ಗಂಗೆಗೆ ಕುಂಕುಮ ಹಾಕಿ ಅಭ್ಯಾಸ. ಮೊದಲನೇ ಸೇತುವೆಯಲ್ಲಿ ಡಬ್ಬಿ ತೆಗೆದು ಒಂದು ಚಿಟಿಕೆ ನೀರಿಗೆ ಹಾಕಿದೆ. ಬೆರಳಿಗಂಟಿದ್ದು ಕಬ್ಬಿಣದ ಕಂಬಿಗೆ ತಾಗಿ ಕೆಂಪಗೆ ಎದ್ದು ಕಂಡಿತು. ಅಲ್ಲೇ ಹೊಳೆಯಿತು. ತಿರುಗುವ ಕಡೆಯೆಲ್ಲ ಹೀಗೊಂದು ಬೊಟ್ಟಿಟ್ಟರೆ ವಾಪಸ್ ಬರುವ ದಾರಿ ತಾನೇ ಸಿಕ್ಕೀತು!

ಬೆರಳು ಒದ್ದೆ ಮಾಡಿಕೊಂಡು ಇಡುತ್ತ ಹೋದೆ. ಒಂದು ಸೇತುವೆಯ ಪಕ್ಕ ಹೂವಿನಂಗಡಿಯ ಮುದುಕಿ ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದಳು. ನನ್ನ ಹಣೆ ತೋರಿಸಿದಳು, ಕಂಬಿ ತೋರಿಸಿದಳು. "ಸೇಮ್?"

"ಸೇಮ್," ಎಂದೆ. "ರೋಡ್. ರಿಟರ್ನ್."

ಬಿದ್ದು ಬಿದ್ದು ನಕ್ಕಳು. ಆಮೇಲೆ ತನ್ನ ಹಣೆಯನ್ನೇ ಮುಂದೆ ಚಾಚಿದಳು. ಇಟ್ಟೆ. ಗಂಡ ಇದ್ದಾನೋ ಇಲ್ಲವೋ ಕೇಳಲಿಲ್ಲ, ಕೇಳಲು ಭಾಷೆಯೂ ಇರಲಿಲ್ಲ. ಅವಳು ಒಂದು ಹಳದಿ ಹೂ ಕೊಟ್ಟಳು. ಮುಡಿದುಕೊಂಡೆ. ಕುಂಕುಮ ಕೊಟ್ಟು ಹೂ ತಗೊಂಡ ಮೇಲೆ ಅದು ಪರದೇಶ ಹೇಗಾದೀತು?

ಮಧ್ಯಾಹ್ನದವರೆಗೆ ರಾಣಿಯ ಹಾಗೆ ತಿರುಗಿದೆ. ದೋಣಿಯೊಳಗೆ ಸಂಸಾರ ಹೂಡಿದವರನ್ನು ಕಂಡೆ, ಸೀರೆ ನೋಡುತ್ತ ಸೈಕಲ್ಲಿಂದ ಬೀಳುವುದರಲ್ಲಿದ್ದ ಗಂಡಸರನ್ನೂ ಕಂಡೆ. ವಾಪಸಾಗುವಾಗ ಜಿನುಗು ಮಳೆಗೆ ಬೊಟ್ಟುಗಳು ಕರಗಿ ಗೆರೆಗಳಾಗಿದ್ದವು. ಒಂದು ಕಡೆ ಏನೂ ಕಾಣಲಿಲ್ಲ. ಬಗ್ಗಿ ನೋಡಿದರೆ ಕಂಬಿಯ ಅಡಿಯಲ್ಲಿ ಕೆಂಪು ಹನಿ! ನಾಲ್ಕಕ್ಕೆ ಇನ್ನೂ ಕಾಲು ಗಂಟೆ ಇರುವಾಗ ಕೌಂಟರಿನವಳ ಮುಂದೆ ನಿಂತು, "ಐ ಕಮ್!" ಎಂದೆ. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು.

ಡಬ್ಬಿಯನ್ನು ಮತ್ತೆ ತೆರೆದದ್ದು ವಿಮಾನದಲ್ಲಿ. ತಳ ಕಂಡಿತು. ಒಂದು ಬೊಟ್ಟಿಗಾಗುವಷ್ಟೂ ಇರಲಿಲ್ಲ.

ಮೂರನೇ ದಿನ ಅಕ್ಕನಿಗೆ ನೋವು ಬಂತು. "ಅಮ್ಮ ಕೊಟ್ಟ ಕುಂಕುಮ ಎಲ್ಲೇ?"

"ಕಸ್ಟಮ್ಸ್‌ನೋರು ಕಿತ್ಕೊಂಡ್ರು ಕಣೇ."

"ಅವರ ಕೈ ಸೇದಿಹೋಗ!" ಎಂದವಳೇ ಲಿಪ್‌ಸ್ಟಿಕ್ಕಿನಲ್ಲಿ ಹಣೆಗೆ ಚುಕ್ಕೆ ಇಟ್ಟುಕೊಂಡು ಕಾರು ಹತ್ತಿದಳು. ಹೆರಿಗೆ ಒಂದೂವರೆ ದಿನ ಹಿಡಿಯಿತು. ಅಷ್ಟು ಹೊತ್ತೂ ನಾನು ಆಸ್ಪತ್ರೆಯ ಬೆಂಚಿನಲ್ಲಿ, ಆ ಸೇತುವೆಗಳನ್ನೆಲ್ಲ ಒಂದೊಂದಾಗಿ ನೆನೆಸಿಕೊಂಡು, ತಪ್ಪಾಯ್ತು ತಾಯಿ ಅಂತ ಕೆನ್ನೆ ಬಡಿದುಕೊಂಡೆ. ತಾಯಿ ಮಗು ಇಬ್ಬರೂ ಸುಖವಾಗಿ ಮನೆಗೆ ಬಂದರು.

ಆಗ ಹೇಳಬಹುದಿತ್ತು. ಹೇಳಲಿಲ್ಲ. ಇವತ್ತಿಗೂ ಮೈಸೂರಿಗೆ ಬಂದಾಗ, ಮನೆಗೆ ಬಂದವರ ಮುಂದೆಲ್ಲ ಅಕ್ಕ ಆ ಕಸ್ಟಮ್ಸ್ ಅಧಿಕಾರಿಗೆ ಶಾಪ ಹಾಕುತ್ತಾಳೆ, ನಾನು ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತೇನೆ. ಪಾಪ, ಆತ ನನ್ನ ಚೀಲವನ್ನು ಬಿಚ್ಚಲೂ ಇಲ್ಲ, "ವೆಲ್ಕಮ್" ಅಂದು ಕಳಿಸಿದ. ಕದ್ದವಳು ನಾನು, ಅಕ್ಕ. ಕ್ಷಮಿಸು ಅಂತ ಕೇಳುತ್ತೇನೆ. ಆದರೆ ಅವತ್ತು ಆ ಕುರ್ಚಿ ಬಿಟ್ಟು ಎದ್ದು ಹೋಗಿದ್ದಕ್ಕೆ ಮಾತ್ರ ಕ್ಷಮೆ ಕೇಳಲಾರೆ. ಅಷ್ಟು ಓದಿದ ನೀನೂ ಆ ಊರನ್ನು ಇವತ್ತಿನವರೆಗೆ ವಿಮಾನದ ಕಿಟಕಿಯಿಂದಷ್ಟೇ ನೋಡಿದ್ದೀಯ.