ಅಕ್ಕಯಮ್ಮನ ಕೈಗುಣ

ಅಕ್ಕಯಮ್ಮನನ್ನು ಚನ್ನರಾಯಪಟ್ಟಣ ಹೋಬಳಿಯ ನಮ್ಮ ಊರಿಗೆ ಸೊಸೆಯಾಗಿ ತಂದದ್ದು ಅವಳ ಮುಖ ನೋಡಿ ಅಲ್ಲ, ಅವಳ ತಂದೆಯ ರೇಷ್ಮೆ ನೋಡಿ. ಆತ ಸಾಕಿದ ಹುಳು ಸತ್ತದ್ದೇ ಇಲ್ಲ ಎಂಬ ಮಾತು ಹತ್ತಿರದ ವಿಜಯಪುರದ ಸುತ್ತಮುತ್ತ ಇತ್ತು. ಅಂಥವನ ಮಗಳ ಕೈಗುಣ ಮನೆಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ಅತ್ತೆ ಮುನಿತಾಯಮ್ಮ ಎಣಿಸಿದ್ದಳು. ಕೈಗುಣ ಎಂಬುದು ತಂದೆಯಿಂದ ಮಗಳಿಗೆ ಇಳಿದು ಬರುವ ಆಸ್ತಿಯೇ ಎಂದು ಯಾರೂ ಕೇಳಲಿಲ್ಲ. ಅಕ್ಕಯಮ್ಮನೂ ಕೇಳಿಕೊಳ್ಳಲಿಲ್ಲ. ಬಂದ ವಾರದಿಂದಲೇ "ನಮ್ಮಪ್ಪನ ಮನೇಲಿ ಹಿಂಗಲ್ಲ" ಎನ್ನತೊಡಗಿದಳು.

ಬೆಳೆ ಮಾತ್ರ ಕೈಗೆ ಹತ್ತಲಿಲ್ಲ. ಒಮ್ಮೆ ಇರುವೆ ಮುತ್ತಿದವು, ಒಮ್ಮೆ ಹಿಪ್ಪುನೇರಳೆ ಸೊಪ್ಪು ಸಾಲಲಿಲ್ಲ, ಇನ್ನೊಮ್ಮೆ ರೋಗ ಬಂತು. ಪ್ರತಿ ಸಲವೂ ಕಾರಣ ಇತ್ತು, ಗೂಡು ಇರಲಿಲ್ಲ. ಅಡುಗೆಮನೆಯಲ್ಲೂ ಅಷ್ಟೆ, ಅವಳು ತೊಳಸಿದ ಮುದ್ದೆಯಲ್ಲಿ ಗಂಟು ಸಿಗದ ದಿನ ಗಂಡ ಗೋಪಾಲಪ್ಪ ಆಶ್ಚರ್ಯದಿಂದ ತಲೆಯೆತ್ತುತ್ತಿದ್ದ. ಕೇರಿಯಲ್ಲಿ ಯಾರ ಮನೆಯಲ್ಲಾದರೂ ಹಾಲು ಹೆಪ್ಪುಗಟ್ಟದಿದ್ದರೆ "ವಿಜಯಪುರದ ಕೈಗುಣ ತಗಲ್ತು" ಎನ್ನುವುದು ಮಾಮೂಲಾಯಿತು.

ಆ ಹೊತ್ತಿಗೆ ಮೈದುನನಿಗೆ ಮದುವೆಯಾಗಿ ಆದಿಲಕ್ಷ್ಮಮ್ಮ ಬಂದಳು. ನಂದಗುಡಿಯ ಆಚೆಯವಳು, ರಾಗಿ ಮತ್ತು ಹಾಲಿನ ಮನೆ. ರೇಷ್ಮೆಹುಳು ಕಂಡವಳಲ್ಲ, ಮೊದಲ ದಿನ ಹುಳು ಮೇಯುವ ಬಿದಿರು ತಟ್ಟೆಯ ಮೇಲೆ ಕೈಯಿಟ್ಟವಳು ಸರ್ರನೆ ಹಿಂದಕ್ಕೆ ಎಳೆದುಕೊಂಡಳು. ಅಕ್ಕಯಮ್ಮ ಆ ದಿನ ತುಂಬ ನಕ್ಕಳು, ವಾರಗಿತ್ತಿಗೆ ತಾನೇ ಕುಳಿತು ಕೆಲಸ ಹೇಳಿಕೊಟ್ಟಳು. ವರ್ಷ ಕಳೆಯುವುದರೊಳಗೆ ಆದಿಲಕ್ಷ್ಮಮ್ಮ ನೋಡಿಕೊಂಡ ತಟ್ಟೆಗಳ ಗೂಡನ್ನು ಜನ ಬೇರೆಯಾಗಿ ಗುರುತಿಸತೊಡಗಿದರು. ಅಕ್ಕಯಮ್ಮನ ನಗು ನಿಂತಿತು.

ನಲವತ್ತಮೂರನೆಯ ಇಸವಿ. ಯುದ್ಧದಿಂದ ಪರದೇಶದ ರೇಷ್ಮೆ ನಿಂತುಹೋಗಿತ್ತು, ಪ್ಯಾರಾಚೂಟಿನ ಬಟ್ಟೆಗೆ ಇಲ್ಲಿಯ ನೂಲೇ ಬೇಕಾಗಿತ್ತು, ಗೂಡಿನ ಬೆಲೆ ಏರಿತ್ತು. ಹೀಗಿರುವಾಗ ಬೆಳೆ ಹಾಳುಮಾಡಿಕೊಂಡು ಕೂರುವುದು ಮುನಿತಾಯಮ್ಮನಿಗೆ ಸರಿಬೀಳಲಿಲ್ಲ. ಶ್ರಾವಣದ ಬೆಳೆಗೆ ಮೊಟ್ಟೆ ತಂದ ದಿನ ಇಬ್ಬರು ಸೊಸೆಯರನ್ನೂ ಕೂರಿಸಿಕೊಂಡು ಹೇಳಿದಳು:

"ಒಂದೇ ಮೊಟ್ಟೆ, ಒಂದೇ ತೋಟದ ಸೊಪ್ಪು. ಆ ಗೋಡೆ ಕಡೆ ತಟ್ಟೆ ಅಕ್ಕಯಮ್ಮಂದು, ಈ ಗೋಡೆ ಕಡೇದು ಆದಿಲಕ್ಷ್ಮಿದು. ಯಾರ ಗೂಡು ಗಟ್ಟಿ ಬರ್ತದೋ ಮುಂದಕ್ಕೆ ಹುಳುಮನೆ ಅವಳ್ದು. ಇನ್ನೊಬ್ಬಳು ಸೊಪ್ಪು ಕುಯ್ಯಕ್ ಹೋಗ್ಲಿ."

ಅಂದಿನಿಂದ ಅಕ್ಕಯಮ್ಮ ತನ್ನ ಹುಳುಗಳಿಗಿಂತ ಎದುರು ಗೋಡೆಯ ಹುಳುಗಳನ್ನೇ ಹೆಚ್ಚು ನೋಡಿದಳು. ತನ್ನ ತಟ್ಟೆಗೆ ಸೊಪ್ಪು ಹಾಕುವಾಗಲೂ ಕಣ್ಣು ಆ ಕಡೆ. ನಾಲ್ಕನೆಯ ಜ್ವರಕ್ಕೆ ಮಲಗಿದ ಹುಳುಗಳು ಪೊರೆ ಕಳಚಿ ಎದ್ದು ಹಗಲಿರುಳು ಮೇಯತೊಡಗಿದಾಗ ಆ ಕಡೆಯ ಮೇಯುವ ಸದ್ದೇ ದೊಡ್ಡದು ಎಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸುತ್ತಿತ್ತು, ಅಷ್ಟೆ. ಇವಳ ಹುಳುಗಳೂ ಆ ಬಾರಿ ಚೆನ್ನಾಗಿಯೇ ಇದ್ದವು.

ಮೇವು ಬಿಟ್ಟು, ಮೈಯ ಹಸಿರು ಹೋಗಿ ಹುಳು ಹಣ್ಣಾಗುವ ದಿನ ಎಲ್ಲ ಒಟ್ಟಿಗೆ ಹಣ್ಣಾಗುತ್ತವೆ. ಅವನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಏರಿಸಲು ಒಂದು ಮನೆಯ ಕೈಗಳು ಸಾಲವು. ಕೇರಿಯ ಹೆಂಗಸರು ಮುಯ್ಯಾಳಾಗಿ ಬರುತ್ತಾರೆ. ಕೂಲಿ ಇಲ್ಲ, ಅವರ ಮನೆಯ ಕೆಲಸಕ್ಕೆ ನಾವು ಹೋಗಬೇಕು. ಹಿಂದಿನ ಸಂಜೆ ಹೋಗಿ ಕರೆಯಬೇಕು. ದಿನ ತಪ್ಪಿ ಕರೆದು ಹತ್ತು ಜನರನ್ನು ಸುಮ್ಮನೆ ಕೂರಿಸಿದವಳು ಕೇರಿಯ ಬಾಯಿಗೆ ಬೀಳುತ್ತಾಳೆ.

"ಅಕ್ಕ, ನಾಡಿದ್ದಿಗೆ ಹಣ್ಣಾಗ್ಬೋದು ಅಲ್ವಾ?" ಎಂದು ಆದಿಲಕ್ಷ್ಮಮ್ಮ ಕೇಳಿದಳು. "ನಾಳೆ ಸಂಜೆ ಕೇರಿಯೋರ್ಗೆ ಹೇಳಿ ಬರ್ಲಾ?"

ಅಕ್ಕಯಮ್ಮ ಅಂದೇ ಸಂಜೆ ಮನೆಮನೆಗೆ ಹೋಗಿ ಮರುದಿನಕ್ಕೆ ಎಲ್ಲರನ್ನೂ ಕರೆದು ಬಂದಳು. ರಾಗಿ ಹೊಲದಲ್ಲಿ ಕಳೆ ತೆಗೆಯುವ ಕಾಲ. ಒಂದು ದಿನ ತನಗೆ ಬಂದವರು ಮತ್ತೊಂದು ದಿನ ಹೊಲ ಬಿಟ್ಟು ವಾರಗಿತ್ತಿಗೆ ಬರಲಾರರು. ಕೈಗಳಿಲ್ಲದೆ ಅವಳ ಹುಳು ತಟ್ಟೆಯಲ್ಲೇ ನೂಲು ಬಿಟ್ಟು ಹಾಳಾಗಬೇಕು. ಅಕ್ಕಯಮ್ಮನ ಯೋಚನೆ ಇಷ್ಟೇ.

ಬೆಳಿಗ್ಗೆ ಹೆಂಗಸರು ಬಂದರು. ಪಕ್ಕದ ಮನೆಯ ಬೈರಮ್ಮ ಒಂದು ಹುಳು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು.

"ಇದಿನ್ನೂ ಹಸುರಾಗೈತಲ್ಲೇ ಅಕ್ಕಯಮ್ಮ. ಹಣ್ಣಾಗಿಲ್ಲ ಕಣೇ."

"ನಮ್ಮಪ್ಪನ ಮನೇಲಿ ಇಷ್ಟಕ್ಕೇ ಏರಿಸ್ತಿದ್ರು."

"ನಿಮ್ಮಪ್ಪನ ಮನೆ ಹುಳಗಳ್ಗೆ ಶ್ಯಾನೆ ಆತುರ ಇರ್ಬೇಕು, ಮಗಳ ಥರಾನೇ." ಹೆಂಗಸರು ನಕ್ಕರು. ಬೈರಮ್ಮ ದನಿ ಇಳಿಸಿದಳು. "ಇವತ್ತು ಸೊಪ್ಪು ಹಾಕೇ. ಕಳೆ ಒಂದ್ ದಿನ ಕಾಯ್ತದೆ, ನಾಳೆ ಬರ್ತೀವಿ."

ಅಕ್ಕಯಮ್ಮ ಹೂಂ ಎನ್ನಬಹುದಿತ್ತು. ಎದುರು ಗೋಡೆಯ ಬಳಿ ಆದಿಲಕ್ಷ್ಮಮ್ಮ ಏನೂ ಕೇಳಿಸದವಳಂತೆ ಸೊಪ್ಪು ಹರಡುತ್ತಿದ್ದಳು. ಅವಳ ಮುಂದೆ, ತಾನೇ ಕಲಿಸಿದವಳ ಮುಂದೆ, ಹುಳುವಿನ ಬಣ್ಣ ತನಗೆ ತಿಳಿಯಲಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

"ಏರಿಸ್ರಿ" ಎಂದಳು.

ಹಣ್ಣಾಗದ ಹುಳುಗಳು ಚಂದ್ರಿಕೆಯ ಮೇಲೆ ಸೊಪ್ಪು ಹುಡುಕಿಕೊಂಡು ಅಲೆದವು. ಕೆಲವು ನೆಲಕ್ಕೆ ಬಿದ್ದವು. ಉಳಿದವು ಕಟ್ಟಿದ್ದು ಒಳಗಿನ ಹುಳು ಕಾಣುವಷ್ಟು ತೆಳ್ಳಗಿನ ಗೂಡು.

ಇವಳು ಏರಿಸಿದ ಮರುದಿನವೇ ಆದಿಲಕ್ಷ್ಮಮ್ಮನ ಹುಳು ಹಣ್ಣಾದವು. ಹೆಂಗಸರು ಹೊಲ ಬಿಟ್ಟು ಬಂದರು. ಅಕ್ಕಯಮ್ಮನೂ ಕೂರಬೇಕಾಯಿತು, ಮನೆಯವಳೇ ಕೂರದಿದ್ದರೆ ಮುಯ್ಯಿಗೆ ಅರ್ಥವಿಲ್ಲ. ಸಂಜೆಯವರೆಗೆ ಅವಳು ಆರಿಸಿದ ಹುಳುಗಳಲ್ಲಿ ಒಂದೂ ಹಸಿ ಇರಲಿಲ್ಲ. ಬಣ್ಣ ಅವಳಿಗೆ ಚೆನ್ನಾಗಿ ತಿಳಿಯುತ್ತಿತ್ತು.

ಗೂಡು ಕೊಳ್ಳಲು ವಿಜಯಪುರದಿಂದ ನೂಲು ತೆಗೆಯುವ ಅಸದುಲ್ಲಾ ಸಾಬರು ಬಂದರು. ಎರಡು ರಾಶಿಯಿಂದಲೂ ಗೂಡು ಎತ್ತಿ ಬೆರಳಲ್ಲಿ ಒತ್ತಿದರು, ಕಿವಿಯ ಹತ್ತಿರ ಅಲ್ಲಾಡಿಸಿದರು.

"ಎರಡೂ ಒಂದೇ ಮನೆ ಮಾಲಾ, ಅಮ್ಮಾ?"

"ಒಂದೇ ಮನೆ ಸಾಬ್ರೇ, ಕೈ ಎರಡು" ಎಂದಳು ಮುನಿತಾಯಮ್ಮ.

ಸಾಬರು ಆದಿಲಕ್ಷ್ಮಮ್ಮನ ರಾಶಿಗೆ ಕೈ ತೋರಿದರು. "ಇದಕ್ಕೆ ನೀವ್ ಕೇಳಿದ್ ರೇಟು. ಅದು ಬಿಸಿನೀರ್ಗೆ ಹಾಕಿದ್ರೆ ಎಳೆ ಸಿಗೋಕ್ ಮುಂಚೆ ಮುಳುಗ್ತದೆ. ಜುಂಗಿನ ಲೆಕ್ಕದಲ್ಲಿ, ಕಚಡಾ ನೂಲಿನ ರೇಟಿಗೆ ಬೇಕಾದ್ರೆ ಎತ್ಕೊಂಡ್ ಹೋಗ್ತೀನಿ." ಆಮೇಲೆ ಅಕ್ಕಯಮ್ಮನ ಮುಖ ನೋಡಿ ಕೇಳಿದರು: "ನಿಮ್ ತಂದೆ ಹತ್ರ ಎಷ್ಟೋ ವರ್ಷ ಮಾಲು ತಗೊಂಡಿದ್ದೀನಲ್ಲ. ಅವ್ರ ಮಗಳೇ ಅಲ್ವಾ ನೀವು?"

ಅಕ್ಕಯಮ್ಮ ಒಳಗೆ ಹೋದಳು. ಮರುದಿನದಿಂದ ಅವಳು ಸೊಪ್ಪು ಕುಯ್ಯಲು ತೋಟಕ್ಕೆ, ಆದಿಲಕ್ಷ್ಮಮ್ಮ ಹುಳುಮನೆಗೆ.

ಮುಂದಿನ ಮೊಟ್ಟೆ ತರುವ ಮೊದಲು ಆದಿಲಕ್ಷ್ಮಮ್ಮ ತೋಟಕ್ಕೆ ಬಂದಳು. "ಅಕ್ಕ, ಆ ಗೋಡೆ ಖಾಲಿ ಐತೆ. ನಾಕು ತಟ್ಟೆ ನೀನೇ ನೋಡ್ಕೊ. ಅತ್ತೆಗೆ ನಾನ್ ಹೇಳ್ತೀನಿ."

"ಚೆಂದಾಗಿ ಬಂದ್ರೆ ನೀನು ಕೊಟ್ಟ ಜಾಗ ಅಂತಾರೆ, ಕೆಟ್ರೆ ನನ್ನ ಕೈ ಅಂತಾರೆ. ಬ್ಯಾಡ."

"ಹಂಗಾದ್ರೆ ಇನ್ನೇನ್ ಬೇಕು ನಿಂಗೆ?"

"ನೀನೂ ಒಂದ್ಸಲ ಕೆಡಿಸ್ಬೇಕು" ಎಂದಳು ಅಕ್ಕಯಮ್ಮ, ಕುಡುಗೋಲು ನಿಲ್ಲಿಸದೆ.

ಅದೂ ಆಯಿತು. ಕಾರ್ತಿಕದಲ್ಲಿ ರೋಗ ಬಿದ್ದು ಆದಿಲಕ್ಷ್ಮಮ್ಮನ ತಟ್ಟೆಗಳನ್ನು ಮಂಕರಿಗಟ್ಟಲೆ ತಿಪ್ಪೆಗೆ ಸುರಿದರು. ಅಕ್ಕಯಮ್ಮ ಹಿತ್ತಿಲಲ್ಲಿ ನಿಂತು ಕಣ್ತುಂಬ ನೋಡಿದಳು. ಅತ್ತೆಯ ಬಾಯಿಂದ ಬರುವ ಮಾತಿಗಾಗಿ ಕಾದಳು. ಮುನಿತಾಯಮ್ಮ ಕಿರಿಯ ಸೊಸೆಯ ಮುಂದೆ ಮುದ್ದೆಯ ತಟ್ಟೆ ಇಟ್ಟು, "ಉಣ್ಣಮ್ಮ. ಒಂದ್ಸಲ ಯಾರಿಗಾದ್ರೂ ಹೋಗ್ತದೆ" ಎಂದಳು.

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅಕ್ಕಯಮ್ಮನಿಗೆ ಯಾರೂ ಹೇಳಿರಲಿಲ್ಲ. ಅಂದು ಅವಳು ಉಣ್ಣಲಿಲ್ಲ.