ಆಲ್ಬಿ ಟ್ರೆವಿನ್‌ನ ಮೂರು ಸೊನ್ನೆಗಳು

ವಸಂತ ಬಂತೆಂದರೆ ನಮ್ಮ ಹ್ಯಾಲೊರನ್ ಬೇ ಊರಿನಲ್ಲಿ ಎಲ್ಲರ ಬಾಯಿಗೂ ರೆಕ್ಕೆ ಮೂಡುತ್ತದೆ. ತಿಂಗಳ ಮೊದಲ ಗುರುವಾರ ನಿಸರ್ಗ ಸಂಘದ ಸಭೆ. ಒಬ್ಬೊಬ್ಬರಾಗಿ ಎದ್ದು ನಿಂತು ಕಂಡದ್ದು, ಕೇಳಿದ್ದು ಹೇಳಬೇಕು. ಕಾರ್ಯದರ್ಶಿಯಾದ ನಾನು, ಗ್ವೆಂಡಾ, ಬರೆದುಕೊಳ್ಳಬೇಕು. ನಮ್ಮ ಕಡೆ ವಸಂತ ಶುರುವಾಗುವ ಸೆಪ್ಟೆಂಬರಿನಲ್ಲಿ ಕಂಡ ಒಂದು ಮುಳ್ಳುಮೈಯ ಎಕಿಡ್ನಾ ಅಕ್ಟೋಬರಿಗೆ ನಾಲ್ಕಾಗಿರುತ್ತದೆ. ಮ್ಯಾಗ್‌ಪೈ ಹಕ್ಕಿ ತಲೆಗೆ ಕುಕ್ಕಿದ ಕಥೆಯನ್ನಂತೂ ತೂತಾದ ಟೋಪಿ ಸಮೇತ ತಂದು ಹೇಳುತ್ತಾರೆ. ನಾನು ಅರ್ಧ ನಂಬುತ್ತೇನೆ, ಅರ್ಧ ಬರೆಯುತ್ತೇನೆ.

ಆಲ್ಬಿ ಟ್ರೆವಿನ್ ಎದ್ದು ನಿಂತಾಗ ಮಾತ್ರ ಹೇಳಿದ್ದನ್ನೆಲ್ಲ ಹಾಗೇ ಬರೆದುಕೊಳ್ಳುತ್ತಿದ್ದೆ. ಮೂವತ್ತೊಂದು ವರ್ಷ ಸಾಮಿಲ್ಲಿನಲ್ಲಿ ಮರ ಕೊಯ್ದವನು ಅವನು, ಬಿಡುವಿನ ಹೊತ್ತೆಲ್ಲ ಹಕ್ಕಿಗಳದ್ದು. ಒಮ್ಮೆ ಅಪರೂಪದ ಗಿಳಿ ಕಂಡೆನೆಂದು ನಾನು ಬೀಗಿದಾಗ, "ಅದು ನಿಮ್ಮ ಪಕ್ಕದ ಬೀದಿ ಷರ್ಲಿ ಮನೆ ಪಂಜರದ್ದು ಕಣೇ, ಮೊನ್ನೆ ತಪ್ಪಿಸ್ಕೊಂಡಿದೆ. ಹಿಡಿದು ವಾಪಸ್ ಕೊಟ್ಟು ಬಾ" ಎಂದಿದ್ದ. ನಿಜವೂ ಅದೇ ಆಗಿತ್ತು.

ಅವನ ಜೀವವೆಲ್ಲ ಇದ್ದದ್ದು ಪ್ರವಾಸಿಗರು ಗಾಡಿಮನೆ ನಿಲ್ಲಿಸುವ ಕ್ಯಾರವಾನ್ ಪಾರ್ಕಿನ ಹಿಂದಿನ ಕುರುಚಲು ಬಯಲಿನಲ್ಲಿ. ಅಲ್ಲಿ ಎಮುರೆನ್ ಹಕ್ಕಿಗಳು: ಹೆಬ್ಬೆರಳಿನಷ್ಟು ಮೈ, ಎಮುವಿನ ಗರಿಯಂಥ ಉದ್ದ ಬಾಲ. ಪೊದೆ ಬಿಟ್ಟು ಹೊರಬರುವುದು ಕಡಿಮೆ, ಆದ್ದರಿಂದ ಕಿವಿಯಿಂದಲೇ ಎಣಿಸಬೇಕು. ಕೂಗು ಬಹಳ ಸಣ್ಣದು. ಪ್ರತಿ ವಸಂತದಲ್ಲೂ ಆಲ್ಬಿ ಬೆಳಿಗ್ಗೆ ಆರಕ್ಕೆ ಹೊರಟು, ಹನ್ನೆರಡು ಕಡೆ ಐದೈದು ನಿಮಿಷ ನಿಂತು ಪುಸ್ತಕದಲ್ಲಿ ಬರೆಯುತ್ತಿದ್ದ: ದಿನ, ಜಾಗ, ಎಷ್ಟು, ಕೇಳಿದವರು ಯಾರು. ಹದಿನಾಲ್ಕಿದ್ದದ್ದು ಒಂಬತ್ತಾಯಿತು, ನಾಲ್ಕಾಯಿತು. ಆಮೇಲೆ ಮೂರು ವಸಂತ ಸೊನ್ನೆ. ಮೂರನೇ ಸೊನ್ನೆಯ ತಿಂಗಳು ಸಭೆಯಲ್ಲಿ ಎದ್ದವನು "ಹೋದ್ವು" ಎಂದಷ್ಟೇ ಹೇಳಿ ಕುಳಿತ. ತಟ್ಟೆಯಲ್ಲಿದ್ದ ಲ್ಯಾಮಿಂಗ್ಟನ್ ಕೇಕನ್ನು ಮುಟ್ಟಲಿಲ್ಲ. ಹೆಂಡತಿ ತೀರಿಕೊಂಡ ತಿಂಗಳೂ ಅವನು ಎರಡು ತಿಂದಿದ್ದ.

ಮುಂದಿನ ಚಳಿಗಾಲದಲ್ಲಿ, ಜೂನ್ ತಿಂಗಳು, ಊರಿನ ಕೌನ್ಸಿಲ್‌ನಿಂದ ಪತ್ರ ಬಂತು. ಕ್ಯಾರವಾನ್ ಪಾರ್ಕನ್ನು ದೊಡ್ಡದು ಮಾಡಬೇಕು; ಬಯಲಿನಲ್ಲಿ ಎಮುರೆನ್ ಇದ್ದರೆ ಅದಕ್ಕೆ ಕೈ ಹಚ್ಚುವುದಿಲ್ಲ; ಇವೆಯೇ, ಇಲ್ಲವೇ?

"ಎರಡಿವೆ ಅಂತ ಬರೆದ್ಬಿಡು ಆಲ್ಬಿ," ಎಂದೆ. "ಯಾರು ಹೋಗಿ ಎಣಿಸ್ತಾರೆ?"

"ಯಾರೂ ಎಣಿಸಲ್ಲ ಅಂತಾನೇ ನಾನು ಸರಿಯಾಗಿ ಎಣಿಸೋದು. ಇವತ್ತು ಇಲ್ದೇ ಇರೋ ಹಕ್ಕಿ ಇದೆ ಅಂದ್ರೆ, ನಾಳೆ ಇರೋ ಹಕ್ಕಿ ತೋರಿಸಿದ್ರೂ ಯಾರೂ ನಂಬಲ್ಲ."

ಮೂರು ಸೊನ್ನೆಗಳ ಕೆಳಗೆ ಸಂಘದ ಮೊಹರು ಒತ್ತಿ ನಾನೇ ಸಹಿ ಹಾಕಿದೆ. ನಮ್ಮಲ್ಲೊಬ್ಬರಾದರೂ ಒಂದು ಬೆಳಿಗ್ಗೆ ಅವನ ಜೊತೆ ಹೋಗಿ ಕಿವಿಗೊಟ್ಟಿದ್ದರೆ? ಆಲ್ಬಿ ಕೇಳಿಬಂದ ಮೇಲೆ ನಾವು ಕೇಳುವುದೇನು ಎಂಬ ಸೋಮಾರಿತನ. ಅದಕ್ಕೆ ಗೌರವ ಎಂದು ಹೆಸರಿಟ್ಟುಕೊಂಡಿದ್ದೆವು.

ಅಕ್ಟೋಬರಿನಲ್ಲಿ, ಕೆಲಸ ಶುರುವಾಗುವ ಮೊದಲು, ಬಯಲನ್ನು ಕೊನೆಯ ಸಲ ನೋಡಿಬರಲು ಮೂವರು ಹೊರಟೆವು: ಆಲ್ಬಿ, ನಾನು, ಊರಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ನರ್ಸ್ ಐಯೋನಿ. ನಾಲ್ಕನೇ ಕಡೆ ನಿಂತಾಗ ಅವಳು ತಲೆ ವಾರೆ ಮಾಡಿದಳು.

"ಈ ಚಿರ್ರ್ ಅಂತ ಕೂಗ್ತಿರೋದು ಯಾವ್ದು? ಸುತ್ತ ಎಲ್ಲಾ ಕಡೆ ಇದೆಯಲ್ಲ."

ನನಗೂ ಕೇಳಿಸಿತು.

"ಯಾವ್ದು?" ಎಂದ ಆಲ್ಬಿ.

ಆಗಲೇ ಗಂಡು ಎಮುರೆನ್ ಒಂದು ಹತ್ತಡಿ ದೂರದ ಪೊದೆಯ ತುದಿಗೇರಿ ಬಾಲ ನಿಮಿರಿಸಿತು. ಆಲ್ಬಿಯ ಮುಖ ಅರಳಿತು. ಮರುಗಳಿಗೆಯೇ ಅವನು ಅದರ ಕೊಕ್ಕನ್ನು ನೋಡತೊಡಗಿದ. ಕೊಕ್ಕು ತೆರೆಯುತ್ತಿತ್ತು, ಮುಚ್ಚುತ್ತಿತ್ತು.

"ಕೂಗ್ತಾ ಇದೆಯಾ?"

"ಹೂಂ," ಎಂದೆ.

"ಈಗ್ಲೂ?"

"ಈಗ್ಲೂ."

ಅವನು ಒದ್ದೆ ಮರಳಿನ ಮೇಲೆ ಕುಳಿತುಬಿಟ್ಟ. ನಮ್ಮ ಮಾತು ಅವನಿಗೆ ಕೇಳುತ್ತಿತ್ತು, ಕುಕಬರಾ ಹಕ್ಕಿಯ ಗಟ್ಟಿ ನಗೆ ಕೇಳುತ್ತಿತ್ತು, ಕಡಲು ಕೇಳುತ್ತಿತ್ತು. ತೀರಾ ಸಣ್ಣ ದನಿಗಳನ್ನಷ್ಟೇ ಸಾಮಿಲ್ಲಿನ ಗರಗಸದ ಸದ್ದು ಒಂದೊಂದಾಗಿ ಕಿತ್ತುಕೊಂಡಿತ್ತು. ಅವು ಹೇಳಿ ಹೋಗುವುದಿಲ್ಲ. ಇನ್ನೂ ಬದುಕಿದ್ದ ಹಕ್ಕಿಗಳಿಗಾಗಿ ಅವನು ಮೂರು ವರ್ಷ ಅತ್ತಿದ್ದ.

ಮರುದಿನವೇ ಕೌನ್ಸಿಲ್ ಕಚೇರಿಗೆ ಹೋದೆವು. ಐಯೋನಿ ತನ್ನ ಫೋನಿನಲ್ಲಿ ಹಿಡಿದಿದ್ದ ಕೂಗನ್ನು ಅಲ್ಲಿನ ಅಧಿಕಾರಿ ಹೆಂಗಸಿಗೆ ಕೇಳಿಸಿದಳು. ಆಕೆ ಕೇಳಿಸಿತೆಂದು ತಲೆಯಾಡಿಸಿದಳು. ಆಲ್ಬಿ ಬರೀ ಫೋನನ್ನು ನೋಡುತ್ತ ನಿಂತಿದ್ದ.

"ತಪ್ಪು ನನ್ನದು," ಎಂದ. "ಹಕ್ಕಿ ಹೋಗಿರ್ಲಿಲ್ಲ, ನನ್ನ ಕಿವಿ ಹೋಗಿತ್ತು. ಹಾಗಂತಾನೇ ಬರ್ಕೊಳಿ."

"ಬರ್ಕೋತೀನಿ ಮಿಸ್ಟರ್ ಟ್ರೆವಿನ್. ಆದ್ರೆ ಆಕ್ಷೇಪಣೆ ಕೊಡೋಕೆ ಆಗಸ್ಟೇ ಕೊನೆ ಆಗಿತ್ತು. ಕೆಲಸದವರ ಜೊತೆ ಒಪ್ಪಂದನೂ ಆಗ್ಹೋಗಿದೆ. ನಿಮ್ಮ ಪುಸ್ತಕ ನಂಬ್ಕೊಂಡೇ ಕೊಟ್ಟ ಅನುಮತಿ ಅದು."

ಒರಟಾಗಿ ಹೇಳಿದ್ದರೆ ಜಗಳವಾಡಬಹುದಿತ್ತು. ಆಕೆ ನಮಗೆ ಚಹಾ ತರಿಸಿದಳು. ಮೂರು ವಾರ ಕಂಡಕಂಡವರಿಗೆಲ್ಲ ಪತ್ರ ಬರೆದೆವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಎಲ್ಲರೂ ಮರ್ಯಾದೆಯಿಂದಲೇ ಉತ್ತರ ಕೊಟ್ಟರು, ಯಾರೂ ಏನೂ ಮಾಡಲಿಲ್ಲ.

ನವೆಂಬರಿನ ಒಂದು ಮಂಗಳವಾರ ಬುಲ್‌ಡೋಜರ್ ಬಂತು. ಗೂಡುಗಳಲ್ಲಿ ಮರಿಗಳಿರುವ ಕಾಲ. ಬೇಲಿಯ ಹೊರಗೆ ನಿಂತು ನೋಡುವುದಲ್ಲದೆ ಮೂವರಿಗೂ ಮಾಡಲು ಏನೂ ಉಳಿದಿರಲಿಲ್ಲ.

"ಇದು ಮಾತ್ರ ಚೆನ್ನಾಗಿ ಕೇಳ್ಸುತ್ತೆ," ಎಂದ ಆಲ್ಬಿ.

ಹತ್ತೂವರೆಗೆ ಚಹಾಕ್ಕೆಂದು ಯಂತ್ರ ನಿಲ್ಲಿಸಿದರು. ಸದ್ದಡಗಿದ್ದೇ ತಡ, ಕೂಗು ಎದ್ದಿತು. ಐಯೋನಿ ಮುಖ ತಿರುಗಿಸಿಕೊಂಡಳು. ಆಲ್ಬಿ ಅವಳನ್ನು ನೋಡಿದ, ಆಮೇಲೆ ನನ್ನನ್ನು.

"ಎಷ್ಟು?"

ಒಂದೂ ಇಲ್ಲ ಎನ್ನುವ ಮಾತು ತುಟಿಯವರೆಗೆ ಬಂದಿತ್ತು. ಅವನೆದುರು ಅದು ಹೊರಡಲಿಲ್ಲ.

"ಮೂರು," ಎಂದೆ. "ಇನ್ನೂ ಬೀಳದೇ ಇರೋ ಪೊದೇಲಿ."

ಆಲ್ಬಿ ಜೇಬಿನಿಂದ ಪುಸ್ತಕ ತೆಗೆದ. ದಿನ ಬರೆದ, ಜಾಗ ಬರೆದ, ಮೂರು ಎಂದು ಬರೆದ. ಕೇಳಿದವರು ಎಂಬಲ್ಲಿ ಇಪ್ಪತ್ತಾರು ವರ್ಷಗಳಿಂದ ಒಂದೇ ಹೆಸರಿತ್ತು. ಅದರ ಕೆಳಗೆ ನನ್ನ ಹೆಸರು ಬರೆದು ಪುಸ್ತಕವನ್ನು ನನ್ನ ಕೈಗಿಟ್ಟ. ಅಷ್ಟರಲ್ಲಿ ಯಂತ್ರದವನು ಚಹಾ ಮುಗಿಸಿ ಮತ್ತೆ ಏರಿ ಕುಳಿತ.