ಬಾವಿ ಸಿಹಿಯಾದ ಮಳೆಗಾಲ

ಅರುವತ್ತು ದಾಟಿದ ಹೆಂಗಸರ ಬಾಯಿ ನಮ್ಮ ಕಡೆ ಆಗೆಲ್ಲ ಕೆಂಪಾಗಿಯೇ ಇರುತ್ತಿತ್ತು. ಎಲೆ ಅಡಿಕೆ ಹಾಕದ ಅಜ್ಜಿಯೆಂದು ನಾನು ಮೊದಲು ನೋಡಿದ್ದು ನನಗೆ ಕೋಣೆ ಕೊಟ್ಟ ಮನೆಯೊಡತಿಯನ್ನೇ. ಹಲ್ಲುಗಳು ಬೆಳ್ಳಗಿದ್ದವು, ನಾಲಿಗೆ ಎಳೆಮಗುವಿನದರಂತೆ ತಿಳಿಗೆಂಪು. ಬೆಳಿಗ್ಗೆ ಮುಖ ತೊಳೆದವರೇ ಬಾವಿಯಿಂದ ಒಂದು ಕೊಡಪಾನ ನೀರು ಸೇದಿ, ಬೊಗಸೆ ತುಂಬ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದರು. ಕೆನ್ನೆ ಎರಡೂ ಉಬ್ಬಿರುತ್ತಿದ್ದವು. ಬಾವಿಕಟ್ಟೆಯ ಸುತ್ತ ಏಳೆಂಟು ಮನೆಯ ಹೆಂಗಸರು ಕೊಡ ಹಿಡಿದುಕೊಂಡು, ಉಸಿರೆತ್ತದೆ ಕಾಯುತ್ತಿದ್ದರು. ಕೊನೆಗೆ ಆ ನೀರನ್ನು ತೆಂಗಿನ ಬುಡಕ್ಕೆ ಉಗಿದು ಹೇಳುತ್ತಿದ್ದರು: “ಇವತ್ತು ಅನ್ನಕ್ಕೆ ಆಗ್ತದೆ. ಕುಡಿಯಲಿಕ್ಕೆ ಬೇಡ.”

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಕಾರ್ಕಳದವಳು, ಬಂಡೆಗಳ ಊರಿನವಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಕಾಪುವಿನ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಿದ್ದೆ. ಹೆದ್ದಾರಿಯಲ್ಲಿ ಬಸ್ಸಿಳಿದು ಪಶ್ಚಿಮಕ್ಕೆ ಒಂದೂವರೆ ಮೈಲಿ ನಡೆದರೆ ಹೊಳೆ, ಹೊಳೆಯ ದಂಡೆಯಲ್ಲಿ ಸಾಲು ಮನೆಗಳು. ಅದರಲ್ಲೊಂದು ಮನೆಯಲ್ಲಿ ಈ ವಿಧವೆ ಒಬ್ಬರೇ ಇದ್ದರು. ಚಾವಡಿಯ ಬದಿಯ ಕೋಣೆಯನ್ನು ನನಗೆ ಕೊಟ್ಟರು. ಸಾಲಿನವರೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ನನ್ನ ಮನೆಮಾತೂ ತುಳುವೇ. ಆದರೆ ನಾನು ತುಳುವಿನಲ್ಲಿ ಎಷ್ಟು ಮಾತಾಡಿಸಿದರೂ ಅವರು ನನಗೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು. ಟೀಚರಿಗೆ ಕನ್ನಡವೇ ಮರ್ಯಾದೆ ಎಂದು ಅವರ ಲೆಕ್ಕ.

ಬಂದ ಹೊಸತರಲ್ಲಿ ಒಂದು ಸಂಜೆ ಹೊಳೆ ಹಿಂದಕ್ಕೆ ಹರಿಯುವುದನ್ನು ಕಂಡು ನನಗೆ ತಲೆ ತಿರುಗಿದಂತಾಯಿತು. ತೆಂಗಿನ ಮಡಲೊಂದು ಸಮುದ್ರದ ಕಡೆಯಿಂದ ಊರಿನ ಕಡೆಗೆ ತೇಲಿ ಬರುತ್ತಿತ್ತು. ಉಬ್ಬರ ಇಳಿತದ ಪಾಠವನ್ನು ಹುಡುಗರಿಗೆ ಹೇಳಿಕೊಟ್ಟವಳೇ ನಾನು. ಆದರೂ ದಿನಕ್ಕೆರಡು ಸಲ ಮನಸ್ಸು ಬದಲಿಸುವ ಹೊಳೆಯನ್ನು ಕಣ್ಣಾರೆ ಕಂಡಿರಲಿಲ್ಲ. ಅಮ್ಮ ನಕ್ಕುಬಿಟ್ಟರು. “ಎಂತ ಟೀಚರೇ, ನಿಮ್ಮ ಕಾರ್ಕಳದಲ್ಲಿ ನೀರು ಹೋದರೆ ವಾಪಸು ಬರುವುದೇ ಇಲ್ವಾ?”

ಆ ಹಿಂದಕ್ಕೆ ಬರುವ ನೀರೇ ಊರಿನ ಭಯವಾಗಿತ್ತು. ಸಂಕ್ರಾಂತಿ ಕಳೆಯಿತೆಂದರೆ ಹೊಳೆಯ ಹರಿವು ಸೊರಗಿ ಸಮುದ್ರದ ಉಪ್ಪು ಮೇಲೆ ಮೇಲೆ ಏರುತ್ತಿತ್ತು. ಗದ್ದೆಯ ಅಂಚಿಗೆ ಬಂದು, ಕೊನೆಗೆ ಬಾವಿಗೂ ಬರುತ್ತಿತ್ತು. ಸಾಲಿನ ಬೇರೆ ಬಾವಿಗಳು ಫೆಬ್ರವರಿಗೇ ಕೆಟ್ಟರೆ, ಅಮ್ಮನ ಬಾವಿ ಏಪ್ರಿಲ್‌ವರೆಗೆ ತಡೆಯುತ್ತಿತ್ತು. ಅದಕ್ಕೇ ಎಲ್ಲರೂ ಅಲ್ಲಿಗೆ ಬರುತ್ತಿದ್ದದ್ದು. ನೀರಿನಲ್ಲಿ ಅಮ್ಮನಿಗೆ ಮೂರೇ ದರ್ಜೆ: ಕುಡಿಯಲಿಕ್ಕೆ, ಅನ್ನಕ್ಕೆ, ಪಾತ್ರೆಗೆ. ನಾಲಿಗೆ ಕೆಡುತ್ತದೆಂದು ಎಲೆ ಅಡಿಕೆ ಬಿಟ್ಟಿದ್ದರು, ಕಾಫಿಯನ್ನು ಆರಿಸಿ ಕುಡಿಯುತ್ತಿದ್ದರು. ತಮಾಷೆಯೆಂದರೆ, ಬಾವಿಯ ಉಪ್ಪನ್ನು ಕಣ್ಣು ಮುಚ್ಚಿ ಹೇಳುವ ಅದೇ ನಾಲಿಗೆಗೆ ತಾವೇ ಮಾಡಿದ ಸಾರಿನ ಉಪ್ಪು ತಿಳಿಯುತ್ತಿರಲಿಲ್ಲ. ವಾರದಲ್ಲಿ ನಾಲ್ಕು ದಿನ ಸಾರು ಬಾಯಿಗಿಡಲು ಆಗುತ್ತಿರಲಿಲ್ಲ. ಹೇಳಿದರೆ, “ಅದು ಬೇರೆ, ಇದು ಬೇರೆ” ಎನ್ನುತ್ತಿದ್ದರು. ಹೇಗೆ ಬೇರೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನನ್ನ ಎರಡನೆಯ ಜುಲೈಯಲ್ಲಿ ನೆರೆ ಬಂತು. ಎರಡು ದಿನ ಬಿಡದೆ ಹೊಯ್ದ ಮಳೆ, ಅದರ ಮೇಲೆ ಅಮಾವಾಸ್ಯೆಯ ಉಬ್ಬರ. ಸಮುದ್ರ ಒಳಗೆ ಬಿಟ್ಟುಕೊಳ್ಳದ ನೀರೆಲ್ಲ ದಂಡೆ ಹತ್ತಿ ನಮ್ಮ ಅಂಗಳಕ್ಕೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಬಾವಿಕಟ್ಟೆ ಮುಳುಗಿತು. ಹಟ್ಟಿಯ ಸೆಗಣಿ, ಗುಂಡಿಯ ಗೊಬ್ಬರ, ಪಾಯಿಖಾನೆಯ ಹೊಂಡದ ಹೊಲಸು, ಸತ್ತ ಕೋಳಿ, ಒರಳುಕಲ್ಲೊಂದನ್ನು ಬಿಟ್ಟು ಮನೆಗಳಲ್ಲಿದ್ದ ಎಲ್ಲವೂ ಕೆಂಪು ನೀರಿನಲ್ಲಿ ನಮ್ಮ ಬಾವಿಯ ಮೇಲಿಂದಲೇ ಹಾದು ಹೋದವು. ನಾವೆಲ್ಲ ದಿಣ್ಣೆಯ ಮೇಲಿದ್ದ ಶಾಲೆಯಲ್ಲಿ ಮೂರು ದಿನ ಕಳೆದೆವು. ನಾನು ಪಾಠ ಮಾಡುತ್ತಿದ್ದ ಕೋಣೆಯಲ್ಲೇ ಅಮ್ಮ ಚಾಪೆ ಹಾಸಿ ಮಲಗಿದ್ದರು.

ನೀರು ಇಳಿದ ಮೇಲೆ ಊರು ಗುರುತು ಸಿಗಲಿಲ್ಲ. ನೇಜಿ ನೆಟ್ಟ ಗದ್ದೆಗಳು ಕೆಸರಿನ ಅಡಿಯಲ್ಲಿ ಕೊಳೆತಿದ್ದವು. ಹೊಳೆಯ ಒಂದು ಬದಿಯ ದಂಡೆ ಕುಸಿದು, ಇನ್ನೊಂದು ಬದಿಯಲ್ಲಿ ಮೊದಲು ಇಲ್ಲದ ಮರಳು ದಿಬ್ಬ ಎದ್ದಿತ್ತು. ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ, ಉಪ್ಪು ನೀರಿಲ್ಲದೆ ಸತ್ತ ಮರುವಾಯಿಗಳು ಚಿಪ್ಪು ಬಿಚ್ಚಿಕೊಂಡು ನಾರುತ್ತಿದ್ದವು. ಅಮ್ಮ ಅಲ್ಲಿವರೆಗೂ ನಡೆದು ಹೋಗಿ ಹೊಳೆಯ ನೀರನ್ನು ಬಾಯಿಗೆ ಹಾಕಿ ಬಂದರು. ಮುಖ ಅರಳಿತ್ತು. “ಸಮುದ್ರದ ಬಾಯಿಯವರೆಗೂ ಸಿಹಿ ಟೀಚರೇ! ನಾನು ಮದುವೆಯಾಗಿ ಬಂದಂದಿನಿಂದ ಹೀಗೆ ಆದದ್ದಿಲ್ಲ.”

ಬಾವಿಯ ನೀರು ನಾಲ್ಕು ದಿನ ಕೆಂಪಾಗಿತ್ತು. ಅಷ್ಟು ದಿನವೂ ಶಾಲೆಯ ಬಾವಿಯಿಂದ ಹೊತ್ತು ತಂದೆವು. ಐದನೆಯ ಬೆಳಿಗ್ಗೆ ಕೆಸರು ತಳಕ್ಕಿಳಿದು ನೀರು ತಿಳಿಯಾಗಿತ್ತು. ಬೇಸಗೆಯ ಉಪ್ಪು ಜೂನ್ ಮುಗಿದರೂ ಪೂರ್ತಿ ಹೋಗಿರಲಿಲ್ಲ, ನೆರೆ ಅದನ್ನೂ ತೊಳೆದುಬಿಟ್ಟಿತ್ತು. ಅಮ್ಮ ಬಾಯಿಗೆ ಹಾಕಿಕೊಂಡರು, ಕಣ್ಣು ಮುಚ್ಚಿದರು, ಮತ್ತು ಅಂದು ಮಾತ್ರ ಉಗಿಯದೆ ನುಂಗಿದರು. “ಕಲ್ಲುಸಕ್ಕರೆ,” ಎಂದರು.

ಹೆಂಗಸರು ಕೊಡ ಮುಂದೆ ಮಾಡಿದರು. ಪಕ್ಕದ ಮನೆಯ ಸೊಸೆ ಮಾತ್ರ ತಡೆದು ನಿಂತಳು. ಬೀಡಿ ಕಟ್ಟುತ್ತಿದ್ದ ಹುಡುಗಿ. ಗಂಡ ಬೊಂಬಾಯಿಯ ಹೋಟೆಲಿನಲ್ಲಿ, ಅವಳಿಗೆ ಐದು ತಿಂಗಳು. “ಟೀಚರೇ, ನೀವು ಎಂತ ಹೇಳ್ತೀರಿ? ಕುಡಿಯಬಹುದಾ?” ಎಂದು ನನ್ನನ್ನು ಕೇಳಿದಳು.

ಅದಕ್ಕೆ ಒಂದೇ ತಿಂಗಳ ಹಿಂದೆ ಎಂಟನೆಯ ತರಗತಿಗೆ ನೀರಿನ ಪಾಠ ಮಾಡಿದ್ದೆ. ತಿಳಿಯಾದ ನೀರೆಲ್ಲ ಶುದ್ಧವಲ್ಲ, ಕುದಿಸಿ ಕುಡಿಯಬೇಕು ಎಂದು ಹಲಗೆಯ ಮೇಲೆ ಬರೆದು ಹುಡುಗರಿಂದ ಬರೆಸಿದ್ದೆ. ಅಮ್ಮ ಬೊಗಸೆ ನನ್ನ ಕಡೆ ಚಾಚಿದರು. ನಾನು ಕುಡಿದೆ. ನಿಜ ಹೇಳುತ್ತೇನೆ, ಅಷ್ಟು ರುಚಿಯಾದ ನೀರನ್ನು ನಾನು ಆ ಊರಿನಲ್ಲಿ ಕುಡಿದಿರಲಿಲ್ಲ. ಪಾಠ ಮರೆತುಹೋಯಿತೋ, ಅಮ್ಮನಿಗೆ ಎದುರಾಡಲು ನಾಚಿದೆನೋ, ಎಲ್ಲರೂ ನಗುತ್ತಿರುವಾಗ ಒಬ್ಬಳೇ ಅಡ್ಡ ಮಾತಾಡಲು ಹೆದರಿದೆನೋ ಗೊತ್ತಿಲ್ಲ. “ತುಂಬ ಒಳ್ಳೆಯ ನೀರು,” ಎಂದುಬಿಟ್ಟೆ.

ಮೂರನೆಯ ದಿನ ಸಾಲಿನ ಎಲ್ಲ ಮನೆಗಳಲ್ಲೂ ಭೇದಿ. ನನಗೂ ಆಯಿತು. ಪಕ್ಕದ ಮನೆಯ ಸೊಸೆಗೆ ವಾಂತಿಯೂ ಸೇರಿ, ಕಣ್ಣು ಒಳಗೆ ಹೋಗಿ, ಮಾತು ನಿಂತಿತು. ಬಾಡಿಗೆ ಕಾರಿನಲ್ಲಿ ಮಣಿಪಾಲದ ಆಸ್ಪತ್ರೆಗೆ ಕೊಂಡುಹೋದರು. ಅಮ್ಮನೂ ಜೊತೆಗೆ ಹೋದರು. ಡಾಕ್ಟರರು ಅವಳ ಎರಡೂ ಕೈಗೆ ಸಲೈನ್ ಏರಿಸಿ ಜೀವ ಉಳಿಸಿದರು. ಹೊಟ್ಟೆಯಲ್ಲಿದ್ದದ್ದು ಉಳಿಯಲಿಲ್ಲ.

ಮರುದಿನ ಹುಡುಗಿಯ ಅತ್ತೆ ನಮ್ಮ ಅಂಗಳಕ್ಕೆ ಬಂದು ನಿಂತರು. ಅಳುತ್ತಿದ್ದರು, ಬೈಯುತ್ತಿದ್ದರು. ಯಾರು ಹೇಳಿದ್ದು ಆ ನೀರು ಒಳ್ಳೆಯದೆಂದು, ಯಾರು? ನಾನು ಬಾಗಿಲ ಹತ್ತಿರ ಗೋಡೆ ಹಿಡಿದುಕೊಂಡು ನಿಂತಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಜಗಲಿಯಿಂದ ಇಳಿದು ಹೋದರು.

“ನಾನು ಹೇಳಿದ್ದು. ನಾಲಿಗೆ ನನ್ನದು. ಟೀಚರು ಹೊಸಬರು, ನಾನು ಹೇಳಿದ್ದಕ್ಕೆ ತಲೆ ಆಡಿಸಿದ್ದು ಅಷ್ಟೇ.”

ನಾನು ಸುಮ್ಮನಿದ್ದೆ. ಇದನ್ನು ಬರೆಯುವುದು ಸುಲಭವಲ್ಲ, ಆದರೆ ಸುಮ್ಮನೇ ಇದ್ದೆ. ಆ ರಾತ್ರಿ ಊಟಕ್ಕೆ ಕೂತಾಗ, “ಯಾಕಮ್ಮ ಹಾಗೆ ಹೇಳಿದಿರಿ?” ಎಂದು ಕೇಳಿದೆ. “ಮತ್ತೆಂತ? ನನ್ನ ಬಾವಿಯ ನೀರಿಗೆ ನೀವು ತೀರ್ಪು ಕೊಡುವುದಾ?” ಎಂದು ಸಿಟ್ಟಿನಿಂದಲೇ ಹೇಳಿ ಎದ್ದು ಹೋದರು. ನನ್ನನ್ನು ಉಳಿಸಿದರೋ, ತಮ್ಮ ಹಿರಿತನ ಉಳಿಸಿಕೊಂಡರೋ ಎಂದು ನಾನು ವರ್ಷಗಟ್ಟಲೆ ತಲೆ ಕೆಡಿಸಿಕೊಂಡಿದ್ದೇನೆ.

ಆರೋಗ್ಯ ಇಲಾಖೆಯವರು ಬಂದು ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದರು. ಅಮ್ಮ ಆ ನೀರನ್ನು ಬಾಯಿಗೆ ಹಾಕಿದ ಕೂಡಲೇ ಉಗಿದು, ಬಾವಿಕಟ್ಟೆಯ ಮೇಲೆ ಕೂತುಬಿಟ್ಟರು.

“ಎಂತ ಮಾರಾಯ್ರೆ ಇದು? ಸಿಹಿ ನೀರಿನಲ್ಲಿ ರೋಗ ಉಂಟು. ಈ ನಾತದ ನೀರಿನಲ್ಲಿ ಇಲ್ಲ. ಅಲ್ಲಿ ಮಣಿಪಾಲದಲ್ಲಿ ಬಾಟ್ಲಿಯಲ್ಲಿ ಕೊಟ್ಟದ್ದು ಎಂತ ಅಂತ ನರ್ಸಿನಲ್ಲಿ ಕೇಳಿದೆ. ಉಪ್ಪು ನೀರು ಅಂತೆ! ಉಪ್ಪು ನೀರು ಮೈಯೊಳಗೆ ಹಾಕಿ ಉಳಿಸಿದ್ದಂತೆ. ಹಾಗಾದರೆ ನಾನು ಇಷ್ಟು ವರ್ಷ ಎಂತ ನೋಡಿದ್ದು?”

ನಾನು ರೋಗಾಣುವಿನ ವಿಷಯ ಹೇಳಿದೆ. ಉಪ್ಪು ನಾಲಿಗೆಗೆ ತಿಳಿಯುತ್ತದೆ, ಇದು ತಿಳಿಯುವುದಿಲ್ಲ ಎಂದೆ. ಒಂದು ಭಾನುವಾರ ಅವರನ್ನು ಶಾಲೆಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ಒಂದು ಹನಿ ಇಟ್ಟು ತೋರಿಸಿದೆ. ತುಂಬ ಹೊತ್ತು ಬಗ್ಗಿ ನೋಡಿದರು. “ನನಗೆ ಕಾಣುವುದು ನನ್ನ ರೆಪ್ಪೆಯ ಕೂದಲು ಮಾತ್ರ,” ಎಂದರು. ನಾನು ಬಗ್ಗಿ ನೋಡಿದರೆ ನನಗೂ ಅದಕ್ಕಿಂತ ಹೆಚ್ಚೇನೂ ಕಾಣಲಿಲ್ಲ. ಶಾಲೆಯ ಆ ಯಂತ್ರ ಅಷ್ಟು ಹಳೆಯದು. ಆದರೆ ಅದನ್ನು ಅವರಿಗೆ ಹೇಳಲಿಲ್ಲ.

ಆಮೇಲೆ ಅಮ್ಮ ನೀರಿನ ರುಚಿ ನೋಡುವುದನ್ನೇ ಬಿಟ್ಟರು. ಹೆಂಗಸರು ಅಭ್ಯಾಸಬಲದಿಂದ ಬಂದು ಕಾಯುತ್ತಿದ್ದರು. “ಟೀಚರಲ್ಲಿ ಕೇಳಿ,” ಎಂದು ಅಮ್ಮ ಒಳಗೆ ಹೋಗುತ್ತಿದ್ದರು. ಪಕ್ಕದ ಮನೆಯ ಸೊಸೆ ಮಾತ್ರ ಮತ್ತೆ ನಮ್ಮ ಬಾವಿಗೆ ಬರಲಿಲ್ಲ. ದಾರಿಯಲ್ಲಿ ಅಮ್ಮ ಎದುರಾದರೆ ಮುಖ ತಿರುಗಿಸುತ್ತಿದ್ದಳು. ನನ್ನನ್ನು ಕಂಡರೆ ಒಂದು ಗಳಿಗೆ ನಿಂತು, ಏನೋ ಹೇಳಬೇಕೆಂದುಕೊಂಡವಳು ಹೇಳದೆ ಹೋಗುತ್ತಿದ್ದಳು. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲವೆಂದುಕೊಂಡು ನಾನು ಸಮಾಧಾನಪಟ್ಟುಕೊಂಡೆ.

ಮೂರು ವರ್ಷದ ಮೇಲೆ ನನಗೆ ಕಾರ್ಕಳಕ್ಕೆ ವರ್ಗವಾಯಿತು. ಎಂಬತ್ತರ ದಶಕದ ನಡುವೆ ಒಂದು ದಿನ ಅಮ್ಮ ತೀರಿಹೋದ ಸುದ್ದಿ ಇನ್‌ಲ್ಯಾಂಡ್ ಪತ್ರದಲ್ಲಿ ಬಂತು. ಉತ್ತರಕ್ರಿಯೆಗೆ ಹೋದೆ. ಊಟವಾದ ಮೇಲೆ ಹಿತ್ತಿಲಿನಲ್ಲಿ ಪಕ್ಕದ ಮನೆಯ ಸೊಸೆ ಸಿಕ್ಕಿದಳು, ಸೊಂಟದಲ್ಲಿ ಒಂದು ಮಗು ಇತ್ತು. ಇನ್ನು ತಡೆಯಲಾರೆನೆಂದು ಹೇಳಿಬಿಟ್ಟೆ: ಅವತ್ತು ನೀರು ಒಳ್ಳೆಯದೆಂದು ಹೇಳಿದವಳು ನಾನೂ ಹೌದು, ಅಮ್ಮ ಒಬ್ಬರೇ ಅಲ್ಲ.

“ನನಗೆ ಗೊತ್ತುಂಟು ಟೀಚರೇ,” ಎಂದಳು. “ಕೇಳಿದ್ದೇ ನಾನು ಅಲ್ವಾ? ಅಮ್ಮ ಹೇಳಿದ ಮೇಲೂ ನಿಮ್ಮಲ್ಲಿ ಯಾಕೆ ಕೇಳಿದ್ದು? ಅವರಿಗೆ ಉಪ್ಪು ಮಾತ್ರ ಗೊತ್ತಾಗುವುದು ಅಂತ ನನಗೆ ಗೊತ್ತಿತ್ತು. ನೀವು ಹೇಳಿದಿರಿ ಅಂತ ನಾನು ಕುಡಿದದ್ದು.”

ಅವಳು ಮುಂದುವರಿಸಿದಳು.

“ಆಸ್ಪತ್ರೆಯಿಂದ ಬಂದ ದಿನವೇ ನಿಮ್ಮಲ್ಲಿ ಕೇಳಲಿಕ್ಕೆ ಹೊರಟಿದ್ದೆ. ಅಮ್ಮ ಅಂಗಳದಲ್ಲೇ ಕೈ ಹಿಡಿದು ನಿಲ್ಲಿಸಿದರು. ‘ಬೈಯುವುದಾದರೆ ನನಗೆ ಬೈ ಮಗಾ. ಟೀಚರು ನಾಳೆಯೂ ಮಕ್ಕಳ ಎದುರು ನಿಲ್ಲಬೇಕು’ ಅಂತ ಹೇಳಿದರು. ಬೈದೆ. ಸಾಯುವವರೆಗೂ ಮಾತು ಬಿಟ್ಟೆ. ನಿಮ್ಮ ಮೇಲಿನ ಸಿಟ್ಟನ್ನೂ ಅವರ ಮೇಲೆಯೇ ತೀರಿಸಿದೆ.”

ಮಗು ಅತ್ತಿತು. ಅವಳು ಅದನ್ನು ಹೆಗಲಿಗೆ ಹಾಕಿಕೊಂಡು ಮನೆಯ ಕಡೆ ಹೋದಳು.

ಆಮೇಲೆ ನಿವೃತ್ತಳಾಗುವವರೆಗೂ ನಾನು ದಿನವೂ ಮಕ್ಕಳ ಎದುರು ನಿಂತೆ. ನಾನು ಹಾಗೆ ನಿಲ್ಲಲಿಕ್ಕಾಗಿ ಅಷ್ಟು ವರ್ಷ ಅವಳ ಸಿಟ್ಟು ಹೊತ್ತವರಿಗೆ ಒಂದು ಮಾತು ಹೇಳಲೂ ನನಗೆ ಆಗಲಿಲ್ಲ.